ರೋಗಿಗಳ ಪಟ್ಟಿಯೂ ಚಿಕಿತ್ಸೆಯ ಪ್ರಮಾಣವೂ

ಬೀದರ ನಗರದ ಪೂರ್ವಕ್ಕೆ ಸ್ವಲ್ಪ ದೂರದಲ್ಲಿ ಅಷ್ಟೂರ ಎಂಬ ಗ್ರಾಮವಿದೆ. ಬಹಮನಿ ಸುಲ್ತಾನರ ಗೋರಿಗಳು ಅಲ್ಲಿ ಸಾಲುಗಟ್ಟಿ ನಿಂತಿವೆ. ೧೪೩೬ರಲ್ಲಿ ಮರಣ ಹೊಂದಿದ ಅಹಮದ್ ಶಾಹನನ್ನು ಮುಸಲ್ಮಾನರು ವಲಿಯೆಂದೂ ಹಿಂದೂಗಳು ಅಲ್ಲಮಪ್ರಭುವೆಂದೂ ಭಾವಿಸಿ, ಪ್ರತಿವರ್ಷವೂ ಅವನ ಉರುಸಿಗೆ ಅಲ್ಲಿ ಸೇರುತ್ತಾರೆ. ಈ ಜನಸ್ತೋಮವನ್ನು ಕರೆಯಲು ಯಾರೂ ಹೆಸರುಗಳ ಪಟ್ಟಿಯನ್ನು ಸಿದ್ಧಪಡಿಸಬೇಕಾಗಿಲ್ಲ. ಸುದ್ದಿಯು ಬಾಯಿಂದ ಬಾಯಿಗೆ ಹಬ್ಬುತ್ತದೆ.

ನಮ್ಮ ಹಳ್ಳಿಗಳಲ್ಲಿ ಮುರಿದ ಎಲುಬನ್ನು ಕೂಡಿಸಿ ಕಟ್ಟುವ ನಾಟಿವೈದ್ಯರ ಕೀರ್ತಿಯೂ ಹೀಗೆಯೇ ಹಬ್ಬಿತು. ಈ ಬಾಯಿಮಾತಿನ ಪ್ರಚಾರದಲ್ಲಿ ದೋಷಗಳಿಲ್ಲವೆಂದಲ್ಲ. ಆದರೆ ಅದರಲ್ಲಿ ಒಂದು ಗುಣವೂ ಉಂಟು. ಎಲುಬು ಸೊಟ್ಟಗೆ ಕೂಡಿಕೊಂಡರೆ ಆ ಮನುಷ್ಯನು ಕುಂಟುತ್ತ ನಡೆಯುವುದನ್ನು ಊರೆಲ್ಲ ನೋಡುತ್ತದೆ. ಗೆಲವು ಹೇಗೋ ಹಾಗೆ ಸೋಲೂ ಸುದ್ದಿಯಾಗುತ್ತದೆ.

ಈಗ ಪ್ರಚಾರಕ್ಕೆ ಬೇರೊಂದು ದಾರಿ ತೆರೆದಿದೆ. ಬೆನ್ನುನೋವಿಗೆ ಕೈಯಿಂದ ಚಿಕಿತ್ಸೆ ಮಾಡುವವರು ತಮ್ಮ ಬಳಿಗೆ ಬಂದವರ ಮಿಂಚಂಚೆಯ ವಿಳಾಸಗಳನ್ನು ಸಂಗ್ರಹಿಸಿ, ಅವರೆಲ್ಲರಿಗೂ ನಿಯತವಾಗಿ ಓಲೆಗಳನ್ನು ಕಳುಹಿಸುತ್ತಾರೆ. ಹೀಗೆ ಮಾಡಿದರೆ ರೋಗಿಗಳು ಮರಳಿ ಬರುವರು, ಹೊಸಬರನ್ನೂ ಕರೆತರುವರು ಎಂಬುದು ವ್ಯಾಪಾರದ ಲೆಕ್ಕಾಚಾರ. ಬೆನ್ನೆಲುಬಿನ ಕೀಲುಗಳನ್ನು ಒತ್ತಿ ಸರಿಪಡಿಸುವ ಕೈರೊಪ್ರಾಕ್ಟಿಕ್ ಪದ್ಧತಿಯಲ್ಲಿ ಈ ಉಪಾಯವು ವಿಶೇಷವಾಗಿ ರೂಢಿಗೆ ಬಂದಿದೆ. ಇದನ್ನು ನಾವು ಹೇಗೆ ಕಾಣಬೇಕು?

ಆ ಪದ್ಧತಿಯ ಹುಟ್ಟನ್ನೇ ಮೊದಲು ನೋಡೋಣ. ೧೮೯೫ರಲ್ಲಿ ಅಮೆರಿಕದ ಅಯೋವಾ ಸಂಸ್ಥಾನದ ಡ್ಯಾವೆನ್‌ಪೋರ್ಟ್ ಪಟ್ಟಣದಲ್ಲಿ ಡಿ. ಡಿ. ಪಾಮರ್ ಎಂಬವನು, ಕಿವಿ ಮಂದವಾಗಿದ್ದ ಹಾರ್ವೆ ಲಿಲ್ಲಾರ್ಡ್ ಎಂಬ ಕೆಲಸಗಾರನ ಬೆನ್ನೆಲುಬನ್ನು ಒತ್ತಿದನೆಂದೂ, ಅದರಿಂದ ಕಿವಿ ಕೇಳಿಸಿತೆಂದೂ ಸಾರಿದನು. ಆದರೆ ಶ್ರವಣದ ನರವು ಒಳಗಿವಿಯಿಂದ ಕಪಾಲದ ಒಳಗೇ ಸಾಗಿ ಮಿದುಳನ್ನು ಸೇರುತ್ತದೆ. ಅದು ಬೆನ್ನೆಲುಬಿನ ಮೂಲಕ ಹಾದುಹೋಗುವುದೇ ಇಲ್ಲ. ಒಬ್ಬನ ಅನುಭವದ ಕಥೆಯ ಮೇಲೆ ಒಂದು ಚಿಕಿತ್ಸಾಪದ್ಧತಿಯೇ ಎದ್ದು ನಿಂತಿತು. ಪಾಮರನ ಮಗನಾದ ಬಿ. ಜೆ. ಪಾಮರ್ ೧೯೨೨ರಲ್ಲಿ ಒಂದು ರೇಡಿಯೋ ನಿಲಯವನ್ನೇ ಕೊಂಡುಕೊಂಡನು. ಪ್ರಚಾರವು ಈ ಪದ್ಧತಿಗೆ ಹೊಸದಲ್ಲ. ರೇಡಿಯೋ ಇದ್ದ ಕಡೆ ಈಗ ಮಿಂಚಂಚೆ ಬಂದಿದೆ, ಅಷ್ಟೆ.

ಪಟ್ಟಿಯೊಂದು ಇರುವುದೇ ತಪ್ಪೆಂದು ನಾನು ಹೇಳುವುದಿಲ್ಲ. ನನ್ನ ಆಕ್ಷೇಪಣೆ ಇರುವುದು ಅದನ್ನು ಪ್ರಮಾಣವೆಂಬಂತೆ ಬಳಸುವುದರಲ್ಲಿ. 'ನಮ್ಮ ರೋಗಿಗಳನ್ನೇ ಕೇಳಿ ನೋಡಿರಿ' ಎಂಬ ಮಾತು ಆ ಓಲೆಗಳಲ್ಲಿ ಬರುತ್ತದೆ. ಆ ಮಾತಿನ ಬೆಲೆಯೇನೆಂಬುದನ್ನು ಸ್ವಲ್ಪ ಗಣಿತದಿಂದ ಪರೀಕ್ಷಿಸೋಣ.

ಬೆನ್ನುನೋವಿನಿಂದ ನೂರು ಜನರು ಒಬ್ಬ ಚಿಕಿತ್ಸಕನ ಬಳಿಗೆ ಬಂದರೆಂದು ಊಹಿಸಿರಿ. ಹೊಸದಾಗಿ ಬಂದ ಸಾಮಾನ್ಯ ಬೆನ್ನುನೋವು ಬಹುಮಂದಿಯಲ್ಲಿ ಕೆಲವು ವಾರಗಳೊಳಗೆ ತಾನಾಗಿಯೇ ಇಳಿಯುತ್ತದೆ. ಆದುದರಿಂದ ಚಿಕಿತ್ಸೆಯಲ್ಲಿ ಯಾವ ಗುಣವೂ ಇಲ್ಲದಿದ್ದರೂ, ನೂರರಲ್ಲಿ ಅರವತ್ತು ಜನರು ಚೇತರಿಸಿಕೊಂಡರೆಂದು ಇಟ್ಟುಕೊಳ್ಳೋಣ. ಆ ಅರವತ್ತು ಜನರೂ ಸಂತೋಷದಿಂದ ಪಟ್ಟಿಯಲ್ಲಿ ಉಳಿಯುತ್ತಾರೆ. ಗುಣಕಾಣದ ನಲವತ್ತು ಜನರಲ್ಲಿ ಮೂವತ್ತು ಜನರು ಬೇಸತ್ತು ತಮ್ಮ ಹೆಸರನ್ನು ತೆಗೆಸಿಕೊಳ್ಳುತ್ತಾರೆ. ಇನ್ನು ಪಟ್ಟಿಯಲ್ಲಿರುವವರು ಎಪ್ಪತ್ತು ಜನರು. ಅವರಲ್ಲಿ ಅರವತ್ತು ಜನರು ಗುಣವಾಯಿತೆಂದು ಹೇಳುವರು. ಅಂದರೆ ನೂರಕ್ಕೆ ಸುಮಾರು ೮೬ ಪಾಲು! ಯಾರೊಬ್ಬರೂ ಸುಳ್ಳಾಡಲಿಲ್ಲ; ಆದರೂ ಫಲಿತಾಂಶವು ಸುಳ್ಳಾಯಿತು. ಪಟ್ಟಿಯು ಜರಡಿಯಂತೆ ಸೋಲುಗಳನ್ನು ಕೆಳಗೆ ಬಿಟ್ಟು ಗೆಲವುಗಳನ್ನು ಮಾತ್ರ ಮೇಲೆ ಉಳಿಸಿಕೊಂಡಿತು. ಹಳ್ಳಿಯಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತಿದ್ದ ಕುಂಟುನಡೆಯು ಇಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಾದರೆ ಕೈಯಿಂದ ಮಾಡುವ ಚಿಕಿತ್ಸೆಯು ನಿಷ್ಪ್ರಯೋಜಕವೆ? ಹಾಗೆ ಹೇಳುವುದೂ ಅವೈಜ್ಞಾನಿಕವೇ. ರೋಗಿಗಳನ್ನು ಗುಂಪುಗಳಾಗಿ ವಿಂಗಡಿಸಿ ನಡೆಸಿದ ಪರೀಕ್ಷೆಗಳಲ್ಲಿ, ಬಹುಕಾಲದ ಸೊಂಟನೋವಿಗೆ ಇದು ವ್ಯಾಯಾಮವೇ ಮೊದಲಾದ ಇತರ ಚಿಕಿತ್ಸೆಗಳಷ್ಟೇ ಸಾಧಾರಣ ಪ್ರಯೋಜನವನ್ನು ಕೊಡುವಂತೆ ಕಂಡಿದೆ. ಒತ್ತಿದಾಗ ಕೇಳಿಸುವ 'ಟಕ್' ಎಂಬ ಶಬ್ದವು ಜಾರಿದ ಎಲುಬು ಸ್ವಸ್ಥಾನಕ್ಕೆ ಮರಳಿದುದರ ಗುರುತಲ್ಲ; ಕೀಲಿನೊಳಗಿನ ದ್ರವದಲ್ಲಿ ಒತ್ತಡವು ಕುಗ್ಗಿ ಅನಿಲದ ಗುಳ್ಳೆ ಉಂಟಾಗುವುದಕ್ಕೆ ಸಂಬಂಧಿಸಿದ್ದು. ಕುತ್ತಿಗೆಯನ್ನು ರಭಸದಿಂದ ತಿರುಗಿಸಿದ ಬಳಿಕ ಅಲ್ಲಿಯ ರಕ್ತನಾಳ ಸೀಳಿ ಪಾರ್ಶ್ವವಾಯು ತಟ್ಟಿದ ಉದಾಹರಣೆಗಳೂ, ಅಪರೂಪವಾದರೂ, ಉಂಟು. ಕಿವುಡು, ಉಬ್ಬಸ, ಮಧುಮೇಹಗಳೂ ಬೆನ್ನೆಲುಬಿನಿಂದ ಗುಣವಾಗುವುವೆಂಬುದಕ್ಕೆ ಒಪ್ಪತಕ್ಕ ಆಧಾರವಿಲ್ಲ. ಪ್ರಚಾರದ ಓಲೆಯಲ್ಲಿ ಇವೆಲ್ಲಕ್ಕೂ ಸ್ಥಳವಿರುವುದೆ?

ಇನ್ನೊಂದು ಮಾತು. ರೋಗಿಯು ತನ್ನ ವಿಳಾಸವನ್ನು ಕೊಡುವುದು ನೋವಿನ ಗಳಿಗೆಯಲ್ಲಿ. ಅವನು ಆಗ ಬಯಸುವುದು ಉಪಶಮನವನ್ನೇ ಹೊರತು ಜಾಹೀರಾತನ್ನಲ್ಲ. ಜಾಹೀರಾತಿನಿಂದ ರೋಗಿಗಳನ್ನು ಸೆಳೆಯಕೂಡದೆಂದು ಆಧುನಿಕ ವೈದ್ಯರಿಗೆ ೨೦೦೨ರ ನಡವಳಿಕೆಯ ನಿಯಮಗಳು ವಿಧಿಸಿವೆ. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಸಂಸತ್ತು ೨೦೨೩ರಲ್ಲಿ ಅಂಗೀಕರಿಸಿದ ಕಾಯಿದೆಯು, ಒಪ್ಪಿಗೆಯು ಸ್ಪಷ್ಟವಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂತೆಗೆದುಕೊಳ್ಳುವಂತಿರಬೇಕು ಎಂಬ ತತ್ತ್ವವನ್ನು ಎತ್ತಿಹಿಡಿದಿದೆ. ೧೯೭೮ರಲ್ಲಿ ಅಮೆರಿಕದ ಒಂದು ಗಣಕಯಂತ್ರ ಕಂಪನಿಯು ಕೇಳದೆಯೇ ಸುಮಾರು ೪೦೦ ಜನರಿಗೆ ಮಾರಾಟದ ಓಲೆಯನ್ನು ಕಳುಹಿಸಿದಾಗಲೂ ಪಡೆದವರಲ್ಲಿ ಅನೇಕರು ಸಿಟ್ಟಾಗಿದ್ದರು. ಯಂತ್ರವನ್ನು ಪರಿಚಯಿಸುವ ಓಲೆಗೇ ಹೀಗಾದರೆ, ತನ್ನ ಕಾಯಿಲೆಯನ್ನು ನೆನಪಿಸುವ ಓಲೆಗೆ ರೋಗಿಯ ಒಪ್ಪಿಗೆ ಎಷ್ಟು ಅವಶ್ಯವೆಂಬುದನ್ನು ಬೇರೆ ಹೇಳಬೇಕೆ?

ಚಿಕಿತ್ಸಕನೂ ಬದುಕಬೇಕು, ಅವನ ಹೆಸರು ಜನರಿಗೆ ತಿಳಿಯಬೇಕು ಎಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಅವನು ಪಟ್ಟಿಯನ್ನು ಇಟ್ಟುಕೊಳ್ಳಲಿ. ಆದರೆ ಒಪ್ಪಿಗೆ ಕೇಳಿ ಇಟ್ಟುಕೊಳ್ಳಲಿ. ಓಲೆಯಲ್ಲಿ ಸರಿಯಾಗಿ ಕೂಡುವ ಕ್ರಮವನ್ನೂ ಭಾರವೆತ್ತುವ ವಿಧಾನವನ್ನೂ ತಿಳಿಸಲಿ. ಕಾಲು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕೆಂದು ಎಚ್ಚರಿಸಲಿ. ಮೇಲಾಗಿ ಬಂದವರೆಲ್ಲರ ಸ್ಥಿತಿಯನ್ನೂ, ಬಿಟ್ಟುಹೋಗಲು ಬಯಸುವವರಿಂದ ಹೋಗುವ ಮೊದಲೇ ಕೇಳಿ, ದಾಖಲಿಸಲಿ. ಅಂಥ ಪಟ್ಟಿಯು ವಿಜ್ಞಾನಕ್ಕೂ ಉಪಕಾರಿಯಾದೀತು.

ವಿದ್ಯಾರ್ಥಿಮಿತ್ರರೆ, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೨೦ರಲ್ಲಿ ಜಗತ್ತಿನ ೬೧.೯ ಕೋಟಿ ಜನರು ಸೊಂಟನೋವಿನಿಂದ ಬಳಲಿದರು. ಭಾಲ್ಕಿ, ಔರಾದಗಳ ಹೊಲಗಳಲ್ಲಿ ದಿನವಿಡೀ ಬಗ್ಗಿ ದುಡಿಯುವ ನಿಮ್ಮ ತಾಯಿತಂದೆಯರೂ ಈ ನೋವನ್ನು ಬಲ್ಲವರೇ. ನಾಳೆ ಅವರ ಫೋನಿಗೆ ಇಂಥದೊಂದು ಓಲೆ ಬಂದೀತು. ಓದಿ ಹೇಳೆಂದು ಅವರು ಅದನ್ನು ನಿಮ್ಮ ಕೈಗೇ ಕೊಟ್ಟಾರು. ಆಗ ಗುಣವಾದವರ ಹೆಸರುಗಳನ್ನು ಎಣಿಸುತ್ತ ಕೂಡಬೇಡಿರಿ. ಗುಣವಾಗದೆ ಹೋದವರು ಎಷ್ಟು ಮಂದಿ, ಅವರ ಹೆಸರುಗಳೆಲ್ಲಿ ಎಂದು ಮೊದಲು ಕೇಳಿರಿ.