ಉಪಪ್ರಶ್ನೆ ಕೇಳುವವರು ಯಾರು?

2020ನೆಯ ಇಸವಿ ಸೆಪ್ಟೆಂಬರ್ 14ರಂದು ಕೇಂದ್ರ ಕಾರ್ಮಿಕ ಸಚಿವರು ಲೋಕಸಭೆಯಲ್ಲಿ ಒಂದು ಲಿಖಿತ ಉತ್ತರವನ್ನು ಮಂಡಿಸಿದರು. ಲಾಕ್‌ಡೌನ್ ಕಾಲದಲ್ಲಿ ಊರಿಗೆ ಹೊರಟ ವಲಸೆ ಕಾರ್ಮಿಕರಲ್ಲಿ ಎಷ್ಟು ಮಂದಿ ಸತ್ತರು, ಅವರ ಮನೆಯವರಿಗೆ ಏನಾದರೂ ಪರಿಹಾರ ಸಂದಿದೆಯೇ ಎಂದು ಸದಸ್ಯರು ಕೇಳಿದ್ದರು. ಅಂಥ ಅಂಕಿಸಂಖ್ಯೆಗಳನ್ನು ಇಟ್ಟಿಲ್ಲವೆಂದು ಉತ್ತರ ಬಂತು. ಲೆಕ್ಕವೇ ಇಲ್ಲದ ಮೇಲೆ ಪರಿಹಾರದ ಮಾತೇ ಏಳುವುದಿಲ್ಲವೆಂದು ಅದಕ್ಕೊಂದು ಬಾಲವೂ ಇದ್ದಿತು. ಅದೇ ದಿನ ಅದೇ ಇಲಾಖೆ, ಊರಿಗೆ ಮರಳಿದವರು ಒಂದು ಕೋಟಿ ನಾಲ್ಕು ಲಕ್ಷಕ್ಕೂ ಹೆಚ್ಚೆಂದು ರಾಜ್ಯವಾರು ಪಟ್ಟಿಯನ್ನೇ ಕೊಟ್ಟಿತು. ನಡೆದವರ ಲೆಕ್ಕ ಉಂಟು, ದಾರಿಯಲ್ಲಿ ಬಿದ್ದವರ ಲೆಕ್ಕ ಇಲ್ಲ!

ನಮ್ಮ ಸಂಘದ ಬಾಂಧವರಿಗೆ ಇದು ಹಳೆಯ ಸುದ್ದಿಯೆನಿಸಲಾರದು. ಆ ವರ್ಷ ಮೇ 8ರ ನಸುಕಿನಲ್ಲಿ ಜಾಲನಾದಿಂದ ರೈಲುದಾರಿ ಹಿಡಿದು ನಡೆದು ಬಂದ 16 ಮಂದಿ ಕೂಲಿಗಳು ಔರಂಗಾಬಾದಿನ ಹತ್ತಿರ ಹಳಿಯ ಮೇಲೆಯೇ ಮಲಗಿ ಗೂಡ್ಸ್ ಗಾಡಿಗೆ ಸಿಕ್ಕಿ ಸತ್ತದ್ದನ್ನು ನಾವೆಲ್ಲ ಓದಿದ್ದೇವೆ. ಹಳಿಯ ಮೇಲೆ ಚೆಲ್ಲಿದ್ದ ಅವರ ರೊಟ್ಟಿಗಳನ್ನು ಚಿತ್ರಗಳಲ್ಲಿ ಕಂಡಿದ್ದೇವೆ. ಸಚಿವರ ಉತ್ತರ ಬಂದು ಒಂದು ವಾರ ಕಳೆಯುವುದರೊಳಗೆ ರೈಲ್ವೆ ಸಚಿವರು ರಾಜ್ಯಸಭೆಗೆ ಇನ್ನೊಂದು ಲಿಖಿತ ಉತ್ತರವಿತ್ತು, ಸೆಪ್ಟೆಂಬರ್ 9ರವರೆಗೆ ಶ್ರಮಿಕ ವಿಶೇಷ ಗಾಡಿಗಳಲ್ಲಿ 97 ಮಂದಿ ಸತ್ತಿದ್ದಾರೆಂದು ತಿಳಿಸಿದರು. ಅಂದರೆ ಲೆಕ್ಕ ಇಡಬಹುದಾಗಿತ್ತು. ಒಂದು ಇಲಾಖೆ ಇಟ್ಟಿತ್ತು, ಇನ್ನೊಂದು ಇಡಲಿಲ್ಲ.

ಇಂಥ ಉತ್ತರ ಕೇಳಿ ಕೋಪ ಬರುವುದು ಸಹಜ. ಆದರೆ ಕೋಪದ ಭರದಲ್ಲಿ ನಾವು ಒಂದು ಮುಖ್ಯ ಸಂಗತಿಯನ್ನು ಮರೆಯುತ್ತೇವೆ. ಆ ದಿನ ಆ ಉತ್ತರದ ಮೇಲೆ ಮರುಮಾತಾಡುವ ಹಕ್ಕು ಯಾವ ಸದಸ್ಯನಿಗೂ ಇರಲಿಲ್ಲ. ಸಾಂಕ್ರಾಮಿಕದ ಕಾರಣ ಹೇಳಿ ಆ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನೇ ತೆಗೆದುಹಾಕಲಾಗಿತ್ತು. ಲಿಖಿತ ಪ್ರಶ್ನೆಗೆ ಲಿಖಿತ ಉತ್ತರ, ಅಷ್ಟೇ. 1962ರ ಚೀನಾ ಯುದ್ಧದ ದಿನಗಳಲ್ಲೂ 1975ರ ತುರ್ತು ಪರಿಸ್ಥಿತಿಯಲ್ಲೂ ಹೀಗೆ ಆದದ್ದುಂಟು. ಮೇಲ್ಪಂಕ್ತಿ ಇದೆಯೆಂಬುದು ಯಾವ ಕೆಲಸಕ್ಕೂ ಸಮರ್ಥನೆಯಾಗದು.

ಪ್ರಶ್ನೆಗಳಲ್ಲಿ ಎರಡು ಜಾತಿ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದುನಿಂತು ಬಾಯಿಮಾತಿನ ಉತ್ತರ ಕೊಡಬೇಕು. ಚುಕ್ಕೆ ಇಲ್ಲದ್ದಕ್ಕೆ ಕಾಗದ ಸಾಕು. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆಯವು 20, ಚುಕ್ಕೆ ಇಲ್ಲದವು 230. ಹದಿನೈದು ದಿನ ಮುಂಚೆ ಸೂಚನೆ ಕೊಡಬೇಕು, ಮೇಲೆ ಚೀಟಿ ಎತ್ತುವ ಅದೃಷ್ಟವೂ ಬೇಕು. ಇಪ್ಪತ್ತರಲ್ಲಿ ಐದಾರಕ್ಕೆ ಬಾಯಿಮಾತಿನ ಉತ್ತರ ದೊರೆತರೆ ಆ ದಿನ ಒಳ್ಳೆಯ ದಿನ. ಆದರೂ ಆ ಐದಾರರಲ್ಲಿಯೇ ಸರಕಾರದ ಕಿವಿ ಸದಸ್ಯರ ಕೈಗೆ ಸಿಗುವುದು. ಏಕೆಂದರೆ ಚುಕ್ಕೆ ಪ್ರಶ್ನೆಯ ಬೆನ್ನಿಗೆ ಉಪಪ್ರಶ್ನೆ ಬರುತ್ತದೆ. ಮೂಲ ಪ್ರಶ್ನೆಯ ಉತ್ತರವನ್ನು ಇಲಾಖೆಯವರು ಹದಿನೈದು ದಿನ ಕೂತು ಉಜ್ಜಿ ನುಣುಪು ಮಾಡಿರುತ್ತಾರೆ. ಉಪಪ್ರಶ್ನೆಯ ಉತ್ತರವನ್ನು ಸಚಿವರು ಅಲ್ಲಿಯೇ ಹುಡುಕಬೇಕು. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿ ಬರುವಷ್ಟರಲ್ಲಿ ಇಡೀ ಸಭೆಗೆ ನಿಜ ಗೊತ್ತಾಗಿರುತ್ತದೆ.

ಇದನ್ನು ಬ್ರಿಟಿಷರು ನಮಗಿಂತ ಚೆನ್ನಾಗಿ ಬಲ್ಲವರಾಗಿದ್ದರು. 1892ರ ಕಾಯಿದೆಯಲ್ಲಿ ಕೌನ್ಸಿಲಿನ ಸದಸ್ಯರಿಗೆ ಪ್ರಶ್ನೆ ಕೇಳುವ ಹಕ್ಕನ್ನು ಕೊಟ್ಟರು, ಉಪಪ್ರಶ್ನೆಯ ಹಕ್ಕನ್ನು ಕೊಡಲಿಲ್ಲ. 1893ರಲ್ಲಿ ಭಿಂಗಾದ ರಾಜರು ಕೇಳಿದ ಮೊಟ್ಟಮೊದಲ ಪ್ರಶ್ನೆ, ದೌರೆ ಬರುವ ಅಧಿಕಾರಿಗಳ ಬಿಡಾರಕ್ಕೆ ಸಾಮಾನು ಒದಗಿಸಿ ಹಳ್ಳಿಯ ಅಂಗಡಿಕಾರರು ಪಡುವ ಪಾಡನ್ನು ಕುರಿತದ್ದು. ಬಡವನ ಬವಣೆಯಿಂದಲೇ ಆರಂಭವಾಯಿತೆನ್ನುವುದು ನಮಗೆ ಅಭಿಮಾನದ ವಿಷಯ. ಆದರೆ ಉತ್ತರ ಬಂದ ಮೇಲೆ ರಾಜರೂ ಬಾಯಿ ಮುಚ್ಚಿ ಕೂಡಬೇಕಾಗಿತ್ತು. 1909ರಲ್ಲಿ, ಪ್ರಶ್ನೆ ಕೇಳಿದವನಿಗೆ ಮಾತ್ರ ಉಪಪ್ರಶ್ನೆಯ ಹಕ್ಕು ಬಂತು. ಇತರರಿಗೆ ಬರಲು ಇನ್ನೂ ಹತ್ತು ವರ್ಷ ಹಿಡಿಯಿತು.

ಹಾಗಾದರೆ 2020ರ ಸೆಪ್ಟೆಂಬರಿನಲ್ಲಿ ಕೇಳಬೇಕಾಗಿದ್ದ ಉಪಪ್ರಶ್ನೆ ಯಾವುದು? ನಮ್ಮ ದೃಷ್ಟಿಯಲ್ಲಿ ಅದು ತೀರ ಸರಳವಾದದ್ದು. ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ 1979ರಿಂದಲೂ ಇದ್ದಿತು. ಗುತ್ತಿಗೆದಾರನ ಮೂಲಕ ಹೊರ ರಾಜ್ಯದ ಐದು ಮಂದಿಯನ್ನು ಕೆಲಸಕ್ಕಿಟ್ಟುಕೊಂಡರೂ ನೋಂದಣಿಯಾಗಬೇಕು, ಗುತ್ತಿಗೆದಾರ ಪರವಾನಿಗೆ ಪಡೆಯಬೇಕು, ಕೂಲಿಗಳ ಹೆಸರು-ವಿವರಗಳ ದಫ್ತರ ಇಡಬೇಕು ಎಂದು ಅದರಲ್ಲಿತ್ತು. 'ಸ್ವಾಮಿ, ಆ ದಫ್ತರಗಳು ಎಲ್ಲಿವೆ? 41 ವರ್ಷಗಳಲ್ಲಿ ಅವನ್ನು ಯಾರು ತನಿಖೆ ಮಾಡಿದರು? ಇಡದ ಎಷ್ಟು ಗುತ್ತಿಗೆದಾರರ ಮೇಲೆ ಖಟ್ಲೆ ಹೂಡಿದಿರಿ?' ಎಂದು ಒಬ್ಬರು ಎದ್ದು ಕೇಳಿದ್ದರೆ ಲೆಕ್ಕ ಇಟ್ಟಿಲ್ಲವೆಂಬ ಉತ್ತರ ತಪ್ಪೊಪ್ಪಿಗೆಯಾಗುತ್ತಿತ್ತು. ಇದು ರಾಜ್ಯಗಳ ಕೆಲಸವೆಂದು ಜಾರಿಕೊಳ್ಳುವುದಕ್ಕೂ ಪೂರ್ತಿ ಆಸ್ಪದವಿಲ್ಲ. ಅಂತರರಾಜ್ಯ ವಲಸೆ ಎಂಬುದು ಸಂವಿಧಾನದ ಕೇಂದ್ರ ಪಟ್ಟಿಯ 81ನೆಯ ಬಾಬು. ಕೇಳುವ ಅವಕಾಶವಿಲ್ಲದೆ ಅಧಿವೇಶನ ಮುಗಿದೇಹೋಯಿತು. ಮುಗಿಯುವ ಮುಂಚೆ, ಸೆಪ್ಟೆಂಬರ್ 22 ಮತ್ತು 23ರಂದು, ಮೂರು ಕಾರ್ಮಿಕ ಸಂಹಿತೆಗಳು ಎರಡೂ ಸದನಗಳಲ್ಲಿ ಅಂಗೀಕಾರವಾದವು. 1979ರ ಕಾಯಿದೆ ಅವುಗಳಲ್ಲೊಂದರೊಳಗೆ ಕರಗಿತು, ಐದು ಎಂಬ ಸಂಖ್ಯೆ ಹತ್ತಾಯಿತು. ರಾಜ್ಯಸಭೆಯಲ್ಲಿ ಆ ಹೊತ್ತಿಗೆ ವಿರೋಧಪಕ್ಷಗಳವರು ಸಭೆಯನ್ನು ಬಹಿಷ್ಕರಿಸಿ ಹೊರಗಿದ್ದರು. ಬಹಿಷ್ಕಾರಕ್ಕೆ ಅವರಲ್ಲಿ ಕಾರಣವಿರಬಹುದು. ನಮ್ಮ ಪಾಲಿಗಂತೂ ಆ ದಿನ ಕೇಳುವವರ ಸಾಲು ಖಾಲಿಯಾಗಿತ್ತು.

ಪ್ರಶ್ನೆಯೊಂದನ್ನು ಬೆನ್ನುಹತ್ತಿ ಹೋದರೆ ಏನಾಗಬಹುದೆಂಬುದಕ್ಕೆ ಹಿರಿಯರು ಇಂದಿಗೂ ಮುಂದ್ರಾ ಪ್ರಕರಣವನ್ನು ಹೇಳುತ್ತಾರೆ. ಜೀವವಿಮೆ ರಾಷ್ಟ್ರೀಕರಣವಾಗಿ ಒಂದು ವರ್ಷವೂ ತುಂಬಿರಲಿಲ್ಲ. 1957ರ ಜೂನಿನಲ್ಲಿ ವಿಮಾ ನಿಗಮವು ಹರಿದಾಸ ಮುಂದ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಶೇರುಗಳನ್ನು ಸುಮಾರು ಒಂದೂಕಾಲು ಕೋಟಿ ರೂಪಾಯಿ ಕೊಟ್ಟು ಕೊಂಡಿತು. ಅವುಗಳಲ್ಲೊಂದು ನಮ್ಮ ಭಾಯಖಳಾದ ರಿಚರ್ಡ್‌ಸನ್ ಅಂಡ್ ಕ್ರೂಡಾಸ್. ವಿಮಾ ನಿಗಮದ ಹಣವೆಂದರೆ ತಿಂಗಳು ತಿಂಗಳು ಪಗಾರದಿಂದ ಕಂತು ಕಟ್ಟಿದವರ ಹಣ. ಸೆಪ್ಟೆಂಬರಿನಲ್ಲಿ ಫಿರೋಜ್ ಗಾಂಧಿಯವರೂ ಇನ್ನೊಬ್ಬ ಸದಸ್ಯರೂ ಲೋಕಸಭೆಯಲ್ಲಿ ಪ್ರಶ್ನೆ ಹಾಕಿದರು. ಸಿಕ್ಕಿದ್ದು ಹಾರಿಕೆಯ ಉತ್ತರ. ನವೆಂಬರಿನಲ್ಲಿ ಮತ್ತೆ ಪ್ರಶ್ನೆ. ಡಿಸೆಂಬರ್ 16ರಂದು ಫಿರೋಜರು ಪೇಟೆಯ ಧಾರಣೆಯನ್ನೂ ನಿಗಮ ತೆತ್ತ ಧಾರಣೆಯನ್ನೂ ಪಕ್ಕಪಕ್ಕಕ್ಕಿಟ್ಟು ಓದಿದರು. 1958ರ ಜನವರಿಯಲ್ಲಿ ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಎಂ. ಸಿ. ಛಾಗ್ಲಾ ಅವರ ಆಯೋಗ ಇದೇ ನಗರದಲ್ಲಿ ಬಹಿರಂಗ ವಿಚಾರಣೆ ನಡೆಸಿತು. ಒಳಗೆ ಹಿಡಿಸಲಾರದ ಜನಕ್ಕಾಗಿ ಹೊರಗೆ ಧ್ವನಿವರ್ಧಕಗಳನ್ನು ಕಟ್ಟಬೇಕಾಯಿತು. ಫೆಬ್ರುವರಿಯಲ್ಲಿ ಅರ್ಥಸಚಿವ ಟಿ. ಟಿ. ಕೃಷ್ಣಮಾಚಾರಿಯವರು ರಾಜೀನಾಮೆಯಿತ್ತರು. ಮೊದಲ ಪ್ರಶ್ನೆಯಿಂದ ರಾಜೀನಾಮೆಗೆ ಆರು ತಿಂಗಳು ಹಿಡಿಯಲಿಲ್ಲ. ಫಿರೋಜರು ಕುಳಿತಿದ್ದದ್ದು ವಿರೋಧಪಕ್ಷದ ಸಾಲಿನಲ್ಲಲ್ಲ ಎಂಬುದನ್ನು ನಮ್ಮ ಬಾಂಧವರು ಗಮನಿಸಬೇಕು. ಅವರು ಆಳುವ ಪಕ್ಷದವರು, ಮೇಲೆ ಪ್ರಧಾನಿಯ ಅಳಿಯ. ಇಂದು ಆಳುವ ಪಕ್ಷದ ಸದಸ್ಯರ ಎಷ್ಟೋ ಪ್ರಶ್ನೆಗಳು ಸಚಿವರಿಗೆ ಹಾರ ಹಾಕುವ ನೆಪಗಳಾಗಿವೆ.

ಹಣ ಖರ್ಚಾದ ಮೇಲೆ ಕೇಳುವ ಪ್ರಶ್ನೆ ಇದಾಯಿತು. ಖರ್ಚಿಗೆ ಮುಂಚೆಯೂ ಕೇಳಲು ದಾರಿಯಿದೆ. ಇಲಾಖೆಯ ಬೇಡಿಕೆ ಸದನದ ಮುಂದೆ ಬಂದಾಗ ಸದಸ್ಯರು ಕಡಿತದ ಸೂಚನೆ ತರಬಹುದು. ನೀತಿಯೇ ತಪ್ಪೆನ್ನುವವರು ಇಡೀ ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಿರೆನ್ನುತ್ತಾರೆ. ಯಾವುದೋ ಒಂದು ಕುಂದುಕೊರತೆಯನ್ನು ಎತ್ತುವವರು ನೂರು ರೂಪಾಯಿ ಕಡಿಮೆ ಮಾಡಿರೆನ್ನುತ್ತಾರೆ. ನೂರು ರೂಪಾಯಿಯಿಂದ ಯಾವ ಸರಕಾರವೂ ಬಡವಾಗದು. ಆ ನೆಪದಲ್ಲಿ ಕಾರ್ಮಿಕ ವಿಮಾ ಆಸ್ಪತ್ರೆಯಲ್ಲಿ ಔಷಧವಿಲ್ಲವೆಂಬ ಮಾತು ದೇಶದ ಸಭೆಯಲ್ಲಿ ದಾಖಲಾಗುತ್ತದೆ. ಆದರೆ ಗೊತ್ತುಪಡಿಸಿದ ದಿನ ಮುಗಿಯುತ್ತಲೇ, ಚರ್ಚೆಯಾಗದೆ ಉಳಿದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕಿ ಮುಗಿಸುವ ಪದ್ಧತಿಯೊಂದಿದೆ. ಅದಕ್ಕೆ ತಲೆ ಕತ್ತರಿಸುವ ಯಂತ್ರದ ಹೆಸರನ್ನೇ ಇಟ್ಟು 'ಗಿಲೊಟಿನ್' ಎನ್ನುತ್ತಾರೆ. 2023ರ ಮಾರ್ಚ್ 23ರಂದು ಸುಮಾರು 45 ಲಕ್ಷ ಕೋಟಿ ರೂಪಾಯಿಯ ಮುಂಗಡಪತ್ರಕ್ಕೆ ಲೋಕಸಭೆ ಎರಡೂ ಕಡೆಯ ಗದ್ದಲದ ನಡುವೆ ಚರ್ಚೆಯಿಲ್ಲದೆ ಕೆಲವೇ ನಿಮಿಷಗಳಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಕುರ್ಚಿ ಬಾಡಿಗೆಯ ಲೆಕ್ಕಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಜಗಳವಾಡುತ್ತೇವೆ.

ಪ್ರಶ್ನೆಗೆ ಬೆಲೆಯಿರುವುದರಿಂದಲೇ ಅದನ್ನು ಕೊಳ್ಳುವವರೂ ಇದ್ದಾರೆ. 1951ರಲ್ಲಿ ಮುಂಬಯಿಯ ಚಿನಿವಾರ ವರ್ತಕರ ಸಂಘದಿಂದ ಹಣ ಪಡೆದು ಪಾರ್ಲಿಮೆಂಟಿನಲ್ಲಿ ಅವರ ಪರವಾಗಿ ಪ್ರಶ್ನೆ ಮುಂತಾದವನ್ನು ಎತ್ತಿದ ಆರೋಪದಲ್ಲಿ ಎಚ್. ಜಿ. ಮುದ್ಗಲರು ಸದಸ್ಯತ್ವ ಕಳೆದುಕೊಂಡರು. ಹುಚ್ಚೇಶ್ವರ ಗುರುಸಿದ್ಧ ಮುದ್ಗಲ ಎಂಬ ಪೂರ್ತಿ ಹೆಸರನ್ನು ಓದಿದಾಗ ನಮಗೆ ತುಸು ನಾಚಿಕೆಯಾಗುವುದುಂಟು. ಹೆಸರು ನಮ್ಮ ಸೀಮೆಯದು. ವಿಚಾರಣಾ ಸಮಿತಿಯ ಅಧ್ಯಕ್ಷರಾಗಿದ್ದವರು ಅದೇ ಟಿ. ಟಿ. ಕೃಷ್ಣಮಾಚಾರಿಯವರು! 2005ರ ಡಿಸೆಂಬರಿನಲ್ಲಿ ಹಣಕ್ಕೆ ಪ್ರಶ್ನೆ ಮಾರಿದ 11 ಮಂದಿ ಸದಸ್ಯರನ್ನು ಎರಡೂ ಸದನಗಳು ಹೊರಹಾಕಿದವು. ವರ್ತಕರಿಗೆ ಪ್ರಶ್ನೆಯ ಬೆಲೆ ತಿಳಿದಿದೆ, ನಮಗಿನ್ನೂ ತಿಳಿದಿಲ್ಲ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. 2020ರ ಏಪ್ರಿಲ್-ಮೇ ತಿಂಗಳುಗಳಲ್ಲಿ ನಾವು ಅಕ್ಕಿ, ಬೇಳೆ, ಎಣ್ಣೆ ಹಂಚಿದೆವು. ಹೋಟೆಲು ಮುಚ್ಚಿ ಮೇಲಿನ ಮಾಳಿಗೆಯಲ್ಲಿ ಸಿಕ್ಕಿಕೊಂಡ ಹುಡುಗರಿದ್ದರು, ಕಟ್ಟಡದ ಕೆಲಸಕ್ಕೆ ಕಲಬುರಗಿ-ಯಾದಗಿರಿ ಕಡೆಯಿಂದ ಮುಕಾದಮನ ಹಿಂದೆ ಬಂದ ಕುಟುಂಬಗಳಿದ್ದವು. ಮೇ ನಡುವಿನಲ್ಲಿ ಕರ್ನಾಟಕ ಸರಕಾರ ಮಹಾರಾಷ್ಟ್ರದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದಾಗ ಇಲ್ಲಿ ಪರಕೀಯರು, ಅಲ್ಲಿ ಸೋಂಕಿನವರು ಎಂಬ ಸ್ಥಿತಿಯಾಯಿತು. ಹಲವರ ಹೆಸರು ಊರಿನ ಮತದಾರರ ಪಟ್ಟಿಯಿಂದ ಹೋಗಿದೆ, ಇಲ್ಲಿನ ಪಟ್ಟಿಗೆ ಏರಿಲ್ಲ. ಆ ದಿನಗಳಲ್ಲಿ ಇಲ್ಲಿನ ಒಬ್ಬ ಜನಪ್ರತಿನಿಧಿಯ ಕಚೇರಿಯಿಂದ ನಮಗೆ ಫೋನ್ ಬಂದಿತ್ತು: ನಿಮ್ಮವರು ಎಷ್ಟು ಮಂದಿ, ಯಾವ ಊರಿನವರು, ಯಾರ ಹತ್ತಿರ ಕೆಲಸ, ಎಷ್ಟು ಪಗಾರ ಬಾಕಿ? 'ಸಾವಿರಾರು ಮಂದಿ' ಎಂದೆವು. ಪಟ್ಟಿ ಕೊಡಿರೆಂದರು. ಪಟ್ಟಿ ಇರಲಿಲ್ಲ. ಅಕ್ಕಿಯ ಚೀಲಗಳನ್ನು ಎಣಿಸಿ ಬರೆದಿದ್ದೆವು, ಮನುಷ್ಯರನ್ನು ಬರೆದಿರಲಿಲ್ಲ. ಆ ಕಚೇರಿಯವರು ಮತ್ತೆ ಫೋನ್ ಮಾಡಲಿಲ್ಲ, ಅವರನ್ನು ದೂರುವ ಮುಖ ನಮಗಿಲ್ಲ. ಹೋಟೆಲಿನ ಮಾಲೀಕರಲ್ಲಿ ಅನೇಕರು ನಮ್ಮವರೇ, ನಮ್ಮ ಉತ್ಸವಕ್ಕೆ ವರ್ಗಣಿ ಕೊಡುವವರೇ. ಹಾಜರಿ ಪುಸ್ತಕ ತೋರಿಸಿರೆಂದು ಅವರನ್ನು ಕೇಳಲು ನಮಗೂ ಸಂಕೋಚವಾಯಿತು ಎಂಬುದು ನಿಜ.

ಲೋಕಸಭೆಯ ನಿಯಮದಂತೆ ಪ್ರಶ್ನೆ 150 ಶಬ್ದ ಮೀರಕೂಡದು. ವಾದ, ಊಹೆ, ವ್ಯಂಗ್ಯ, ನಿಂದೆ ಯಾವುದೂ ಇರಕೂಡದು. ನಮ್ಮ ಸಭೆಗಳಲ್ಲಿ ಮಾಡುವ ಭಾಷಣಗಳು ಬಹುಪಾಲು ಇಲ್ಲಿಯೇ ಬಿದ್ದುಹೋಗುತ್ತವೆ. ಉಳಿಯುವುದು ಹೆಸರು, ತಾರೀಖು, ರಕಮು. ಅಂಥ ಪ್ರಶ್ನೆಯನ್ನು ಸಿದ್ಧಮಾಡಿ ಕೊಟ್ಟರೆ ಬೇಡವೆನ್ನುವ ಸದಸ್ಯರು ಕಡಿಮೆ. ಸಚಿವರು ಮಾಹಿತಿ ಸಂಗ್ರಹಿಸಿ ಸಭೆಯ ಮುಂದಿಡುವೆವೆಂದು ಹೇಳಿ ಹೋದರೂ ಸೋಲಲ್ಲ. ಅಂಥ ಮಾತನ್ನು ಆಶ್ವಾಸನೆಯೆಂದು ಬರೆದುಕೊಂಡು ಮೂರು ತಿಂಗಳಲ್ಲಿ ಈಡೇರಿತೇ ಎಂದು ನೋಡಲು 1953ರಿಂದ ಒಂದು ಸಮಿತಿಯೇ ಇದೆ. ಅದಕ್ಕೂ ಪತ್ರ ಬರೆಯಬಹುದು. ಯೋಗ್ಯ ಉಪಪ್ರಶ್ನೆಯೊಂದನ್ನು ಮಡಚಿ ಸದಸ್ಯರ ಜೇಬಿಗೆ ಹಾಕಿ ಕಳಿಸುವುದೂ ನಮ್ಮ ಕೆಲಸ.

ಆದುದರಿಂದ ಕಾರ್ಯಕಾರಿ ಸಮಿತಿ ಒಂದು ಪುಸ್ತಕ ತೆರೆಯಲು ನಿಶ್ಚಯಿಸಿದೆ. ಹೆಸರು, ಊರು, ತಾಲ್ಲೂಕು, ಯಾರ ಮೂಲಕ ಬಂದದ್ದು, ಗುತ್ತಿಗೆದಾರನಿಗೆ ಪರವಾನಿಗೆ ಉಂಟೇ, ಪ್ರಾವಿಡೆಂಟ್ ಫಂಡಿನ ನಂಬರು, ಪಗಾರ ಬಾಕಿ ಎಷ್ಟು ದಿನದ್ದು, ಮತದಾರರ ಪಟ್ಟಿಯಲ್ಲಿ ಹೆಸರು ಎಲ್ಲಿದೆ ಎಂಬ ಎಂಟು ಮನೆಗಳನ್ನು ಗೆರೆ ಹೊಡೆದು ಇಟ್ಟಿದ್ದೇವೆ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಸಂಘದ ಕಚೇರಿಯಲ್ಲಿ ಬರೆಸಬಹುದು. ಬರಲಾರದವರ ಖೋಲಿಗೆ ನಾವೇ ಬರುತ್ತೇವೆ. ಹೋಟೆಲಿನ ಹುಡುಗರಿಗೆ ಭಾನುವಾರ ಬಿಡುವಿಲ್ಲದ್ದರಿಂದ ಅವರಿಗಾಗಿ ಸೋಮವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಕಚೇರಿ ತೆರೆದಿರುತ್ತದೆ.