ನೀರು ಬಹುಮಾನ ಅಲ್ಲ, ಹಕ್ಕು



ಸ್ವಲ್ಪ ಉದ್ದ ಐತಿ, ಪೂರ್ತಿ ಓದ್ರಿ. ಆಟಿಸಂ ಇರೋ ಮಕ್ಕಳಿಗೆ ಕೊಡೋ 'ಬಿಹೇವಿಯರ್ ಥೆರಪಿ' ಬಗ್ಗೆ ಮಾತು ತೆಗೆದ್ರ "ಅದು ಡಾಕ್ಟರ್ ವಿಷಯ, ಚಳವಳಿಗೆ ಯಾಕ ಬೇಕು?" ಅನ್ನೋರು ನಮ್ಮೊಳಗೂ ಅದಾರ. ಯಾಕ ಬೇಕು ಅಂತ ಹೇಳ್ತೀನಿ.

ಈ ಥೆರಪಿಯ ಲೆಕ್ಕ ಸರಳ. ಮಗು ಹೇಳಿದಂಗ ಕೇಳಿದ್ರ ಬಿಸ್ಕಿಟ್, ಆಟಿಕೆ, ಶಭಾಶ್. ಕೇಳದಿದ್ರ ಏನೂ ಇಲ್ಲ. "ಕೈ ಆಡಿಸಬ್ಯಾಡ, ಸುಮ್ನ ಕೂಡು, ನನ್ನ ಕಣ್ಣಾಗ ಕಣ್ಣಿಟ್ಟು ನೋಡು." ಮಗು ನೀರಿನ ತಂಬಿಗಿ ಕಡೆ ಕೈ ತೋರಿಸಿದ್ರ ಕೊಡಬ್ಯಾಡ್ರಿ, ಬಾಯಿಬಿಟ್ಟು 'ನೀರು' ಅನ್ನೋತನಕ ತಡೀರಿ ಅಂತ ತಾಯಂದಿರಿಗೆ ಹೇಳಿ ಕಳಿಸೋರೂ ಅದಾರ.

ನೀರು ಕೈಯಾಗ ಹಿಡ್ಕೊಂಡು ಷರತ್ತು ಹಾಕೋದು ನಮಗ ಹೊಸಾದಲ್ಲ. ಬಾಲಕ ಭೀಮರಾವ್ ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಬೇರೆ ಕೂತಿದ್ದರು. ನಲ್ಲಿ ಮುಟ್ಟುವಂತಿರಲಿಲ್ಲ. ಜವಾನ ಬಂದು ತಿರುಗಿಸಿದರೆ ನೀರು, ಜವಾನ ಇಲ್ಲದ ದಿನ ನೀರೂ ಇಲ್ಲ. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಗೆ ಅವರು ಇಳಿದದ್ದು ಬರೀ ಬಾಯಾರಿಕೆಗಲ್ಲ. ನೀರು ಯಾರೋ ಮೆಚ್ಚಿ ಕೊಡೋ ಬಹುಮಾನ ಅಲ್ಲ ಅಂತ ಜಗತ್ತಿಗೆ ಹೇಳೋದಕ್ಕ.

ಈ ಪದ್ಧತಿಯ ಬೇರು ನೋಡ್ರಿ. 1960ರ ದಶಕದಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಐವಾರ್ ಲೋವಾಸ್ ಅನ್ನೋ ಮನಶ್ಶಾಸ್ತ್ರಜ್ಞ ಇಂಥ ಮಕ್ಕಳ ಮೇಲೆ ಗದರಿಕೆ, ಹೊಡೆತ, ವಿದ್ಯುತ್ ಶಾಕ್ ಎಲ್ಲಾ ಬಳಸಿದ. 1965ರಲ್ಲಿ ಲೈಫ್ ಪತ್ರಿಕೆ ಅದನ್ನ ಫೋಟೋ ಸಮೇತ ಛಾಪಿಸ್ತು. 1987ರಲ್ಲಿ ಅವನೇ ಒಂದು ಅಧ್ಯಯನ ಪ್ರಕಟಿಸಿದ: ವಾರಕ್ಕೆ 40 ತಾಸು ತರಬೇತಿ ಕೊಟ್ಟ 19 ಮಕ್ಕಳಲ್ಲಿ 9 ಮಂದಿ 'ಸಾಮಾನ್ಯ'ರಾದರು ಅಂತ. ವಾರಕ್ಕೆ 40 ತಾಸು ಅಂದ್ರ ದೊಡ್ಡವರ ನೌಕರಿ. ಅದನ್ನ ಮೂರು ವರ್ಷದ ಕೂಸಿನ ತಲೆ ಮೇಲೆ ಹೊರಿಸಿದ್ರು. ಮ್ಯಾಸಚೂಸೆಟ್ಸ್‌ನ ಜಡ್ಜ್ ರೋಟೆನ್‌ಬರ್ಗ್ ಸೆಂಟರ್‌ನಲ್ಲಿ ಶಾಕ್ ಕೊಡೋ ಯಂತ್ರವನ್ನ ಅಲ್ಲಿನ ಸರ್ಕಾರ 2020ರಲ್ಲಿ ನಿಷೇಧಿಸಿದ್ರೆ, 2021ರಲ್ಲಿ ಕೋರ್ಟು ಆ ನಿಷೇಧವನ್ನೇ ರದ್ದು ಮಾಡ್ತು.

"ನಾವು ಹೊಡೆಯಲ್ಲ, ಆಟ ಆಡಿಸಿ ಕಲಿಸ್ತೀವಿ" ಅಂತಾರ ಈಗಿನ ಥೆರಪಿಸ್ಟರು. ಒಪ್ಪೋಣ. ಬಹಳ ಮಂದಿ ಪ್ರೀತಿಯಿಂದಲೇ ಮಾಡ್ತಾರ. ಆದ್ರ ನನ್ನ ಪ್ರಶ್ನೆ ಕೋಲಿನ ಬಗ್ಗೆ ಅಲ್ಲ, ಗುರಿ ಬಗ್ಗೆ. ಕೈ ಆಡಿಸಿದ್ರ ಯಾರಿಗೆ ಪೆಟ್ಟಾಗತೈತಿ? ಯಾರಿಗೂ ಇಲ್ಲ. ನೋಡೋರಿಗೆ ಮುಜುಗರ, ಅಷ್ಟೇ. ನಮ್ಮ ಅಜ್ಜಂದಿರಿಗೆ "ಗೌಡರ ಕಣ್ಣಾಗ ಕಣ್ಣಿಟ್ಟು ನೋಡಬ್ಯಾಡ" ಅಂದ್ರು. ಈ ಕೂಸಿಗೆ "ನೋಡಲೇಬೇಕು" ಅಂತಾರ. ಎರಡರಾಗೂ ಕಣ್ಣು ಒಬ್ಬರದು, ಅಪ್ಪಣೆ ಇನ್ನೊಬ್ಬರದು.

"ಹಂಗಾದ್ರ ತಲಿ ಗ್ವಾಡಿಗೆ ಬಡ್ಕೊಳ್ಳೋ ಮಗುನ ಸುಮ್ನ ನೋಡ್ಕೊಂತ ಕೂಡಬೇಕೇನು?" ಅಂತ ಕೇಳೋ ತಾಯಿಯ ಸಂಕಟ ಖರೇ. ಕೂಡಬ್ಯಾಡ್ರಿ. ಕಾರಣ ಹುಡುಕ್ರಿ. ಹಲ್ಲುನೋವು ಇರಬಹುದು, ಹೊಟ್ಟೆನೋವು ಇರಬಹುದು. ನಮ್ಮ ಬೆಲ್ಲದ ಬಾಗೇವಾಡಿ ಕಡೆ ಕಬ್ಬಿನ ಸೀಜನ್‌ದಾಗ ಟ್ರ್ಯಾಕ್ಟರ್‌ಗಳು ಎರಡೆರಡು ಟ್ರೇಲಿ ಎಳ್ಕೊಂಡು, ದೊಡ್ಡ ಸ್ಪೀಕರ್ ಹಚ್ಕೊಂಡು ಕಾರ್ಖಾನೆಗೆ ಹೋಗ್ತಾವ. ಆ ಸದ್ದಿಗೆ ಕಿವಿ ಮುಚ್ಕೊಂಡು ಚೀರೋ ಮಗು ಹಟಮಾರಿ ಅಲ್ಲ, ಅದಕ್ಕ ಆ ಸದ್ದು ನೋವು. ಹೇಳಾಕ ದಾರಿ ಕೊಡ್ರಿ: ಚಿತ್ರ ತೋರಿಸಲಿ, ಕೈಸನ್ನೆ ಮಾಡಲಿ. ಮಾತು ಕಲಿಸ್ರಿ, ವಿಧೇಯತೆ ಕಲಿಸಬ್ಯಾಡ್ರಿ. 'ಒಲ್ಲೆ' ಅನ್ನೋದನ್ನೇ ಅಳಿಸಿಬಿಟ್ಟ ಮಗಳು ನಾಳೆ ಕೆಟ್ಟ ಉದ್ದೇಶದಿಂದ ಕೈ ಹಿಡಿದವನಿಗೆ 'ಬಿಡು' ಅನ್ನೋದು ಹೆಂಗ?

ಇನ್ನು ನಮ್ಮ ಕೇರಿಗೆ ಬರ್ರಿ. ಇಲ್ಲಿ ಮೂರು ವರ್ಷದ ಮಗು ಮಾತಾಡದಿದ್ರ, ಶಾಲೆಯಾಗ ಕೂಡದಿದ್ರ, "ಇವ್ರ ಮನ್ಯಾಗ ಸಂಸ್ಕಾರ ಇಲ್ಲ" ಅಂತಾರ. ಒಂದೇ ನಡತೆಗೆ ಉಳ್ಳವರ ಮಗುವಿಗೆ ಸಿಗೋದು ಆಟಿಸಂ ಅನ್ನೋ ಹೆಸರು, ನಮ್ಮ ಮಗುವಿಗೆ ಜಾತಿಯ ಬೈಗುಳ. ಅವರಿಗೆ ಪೇಟೆಯ ಥೆರಪಿ, ನಮಗ ಬೆತ್ತ. ಎರಡೂ ಕಡೆ ಕೇಳೋದು ಒಂದೇ: ಸುಮ್ನ ಕೂಡು.

ಕಾನೂನು ಏನು ಹೇಳತೈತಿ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಕೂಡ ಐತಿ. 6ನೇ ಕಲಂ ಕ್ರೂರ, ಅಮಾನವೀಯ ನಡವಳಿಕೆಯಿಂದ ರಕ್ಷಣೆ ಕೊಡತೈತಿ. 92ನೇ ಕಲಂ ಪ್ರಕಾರ ಸಾರ್ವಜನಿಕರ ಕಣ್ಣೆದುರು ಬೇಕಂತ ಅವಮಾನಿಸೋದು ಅಪರಾಧ. ನಮ್ಮ 1989ರ ದೌರ್ಜನ್ಯ ತಡೆ ಕಾಯ್ದೆಯ ಭಾಷೆಯೇ ಇಲ್ಲೂ ಐತಿ. ತನ್ನ ಸುಪರ್ದಿಯಲ್ಲಿರೋ ಅಂಗವಿಕಲರಿಗೆ ಗೊತ್ತಿದ್ದೂ ಅನ್ನ, ನೀರು ನಿರಾಕರಿಸೋದು ಸಹ ಅದೇ ಕಲಮಿನಡಿ ಅಪರಾಧ. ಶಿಕ್ಷೆ 6 ತಿಂಗಳಿಂದ 5 ವರ್ಷ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ಹೊಡೆಯೋದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸೈತಿ.

ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕಿನ ಸಂಗಾತಿಗಳೆ, ಮಾಡಬೇಕಾದ್ದು ಇಷ್ಟು. ಪಂಚಾಯ್ತಿಗೆ ಹೋಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನಮ್ಮ ಕೇರಿಯ ಯಾವ ಯಾವ ಮಕ್ಕಳನ್ನ ಪಟ್ಟಿ ಮಾಡ್ಯಾರ ಕೇಳ್ರಿ. ಸರ್ಟಿಫಿಕೇಟ್ ಶಿಬಿರ ತಾಲೂಕಿನಾಗೇ ಆಗಲಿ ಅಂತ ಅರ್ಜಿ ಹಾಕ್ರಿ, ಬೆಳಗಾವಿಗೆ ಹೋಗಿಬರೋದಂದ್ರ ಒಂದು ದಿನದ ಕೂಲಿ. ಥೆರಪಿ ಎಲ್ಲೇ ಕೊಡಲಿ, ಒಳಗ ಕೂತು ನೋಡೋ ಹಕ್ಕು ತಾಯಿ-ತಂದೆಗಿರಲಿ. ಮಗು ಒಲ್ಲೆ ಅಂದ್ರ ನಿಲ್ಲಿಸ್ರಿ. ಅನ್ನ, ನೀರು, ಅವ್ವನ ಮಡಿಲು ಯಾವ ಪಾಠಕ್ಕೂ ಬೆಲೆ ಆಗಬಾರದು.

ಮುಂದಿನ ಏಪ್ರಿಲ್ 14ರ ಮೆರವಣಿಗೆಯಾಗ ಈ ಮಕ್ಕಳೂ ಇರಲಿ. ಕೈ ಆಡಿಸ್ಕೊಂತಾನೇ ಬರಲಿ. ಡಿಜೆ ಸದ್ದು ಅವರಿಗೋಸ್ಕರ ಸ್ವಲ್ಪ ಇಳಿಸೋಣ.

ಜೈ ಭೀಮ್.