ನೋಟ್ಸ್ ಟೈಪ್ ಮಾಡಿಸುವ ಮುನ್ನ

ಇಳಕಲ್‌ನಿಂದ ಹುನಗುಂದ ಹಾದು ಬಾಗಲಕೋಟೆಯ ಕಾಲೇಜಿಗೆ ನಿತ್ಯ ಬಸ್ಸಿನಲ್ಲಿ ಹೋಗಿ ಬರುವವನು ನಾನು. ಆ ಹೊತ್ತಿನಲ್ಲಿ ಮೊಬೈಲ್‌ನಲ್ಲೇ ಓದಿಕೊಳ್ಳೋಣವೆಂದು ಎರಡು ವರ್ಷದ ಇತಿಹಾಸದ ನೋಟ್ಸನ್ನು ಹುನಗುಂದದ ಒಂದು ಅಂಗಡಿಯಲ್ಲಿ ಟೈಪ್ ಮಾಡಿಸಿದೆ. ಕೊಟ್ಟದ್ದು ಅಪ್ಪ ಮಗ್ಗದಲ್ಲಿ ನೇಯ್ದು ಗಳಿಸಿದ ಹಣ.

ಪರೀಕ್ಷೆಗೆ ಎರಡು ವಾರವಿತ್ತು. ಫೈಲ್ ತೆರೆದರೆ ಪುಟದ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ! ಇಣುಕಿ ನೋಡಿದ ತಂಗಿ, “ಅಣ್ಣಾ, ಇದ್ಯಾವ ಭಾಷಾ? ಒಂದಕ್ಷರಾನೂ ತಿಳಿವಲ್ದು” ಎಂದಳು.

ಕಾರಣ ಆಮೇಲೆ ತಿಳಿಯಿತು. ಹಳೆಯ ಬಗೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳಿಗೇ ಕನ್ನಡದ ರೂಪ ತೊಡಿಸುತ್ತವೆ. ಆ ಫಾಂಟ್ ಇಲ್ಲದ ಕಡೆ ವೇಷ ಕಳಚಿ ಬೀಳುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ, ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಸೇರಿದೆ. ನುಡಿ, ಬರಹ ತಂತ್ರಾಂಶಗಳಲ್ಲೂ ಯೂನಿಕೋಡ್ ಆಯ್ಕೆ ಇದೆ. ನಾವು ಕೇಳುವುದಿಲ್ಲ, ಅಷ್ಟೆ.

ಹಳೆಯ ಫೈಲನ್ನು ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಸಿಗುತ್ತವೆ. ಒಂದು ಭಾನುವಾರವಿಡೀ ಕುಳಿತು ಬದಲಿಸಿದೆ. ಕೆಲವು ಒತ್ತಕ್ಷರಗಳು ಕೆಟ್ಟಿದ್ದರಿಂದ ಪುಟಪುಟವನ್ನೂ ಓದಿ ತಿದ್ದಬೇಕಾಯಿತು. ಆ ತಿದ್ದುವಿಕೆಯೇ ಒಂದು ಓದಾಯಿತು. ಈಗ ‘ಬಾದಾಮಿ’ ಎಂದು ಹುಡುಕಿದರೆ ಮೊದಲನೆಯ ಪುಲಕೇಶಿಯ ಕ್ರಿ.ಶ. 543ರ ಬಂಡೆ ಶಾಸನ, ಮಂಗಳೇಶನ 578ರ ಮೂರನೇ ಗುಹೆಯ ಶಾಸನ, ಬೇರೆ ಬೇರೆ ಸೆಮಿಸ್ಟರ್‌ಗಳ ಟಿಪ್ಪಣಿಗಳೆಲ್ಲ ಒಟ್ಟಿಗೇ ಕಣ್ಣಮುಂದೆ ಬರುತ್ತವೆ. ಬಾದಾಮಿಯ ಕಲ್ಲಿನ ಅಕ್ಷರಗಳನ್ನು ಇಂದಿಗೂ ಓದುತ್ತೇವೆ. ನಮ್ಮ ನೋಟ್ಸ್ ಎರಡು ವರ್ಷವೂ ಬಾಳದಿದ್ದರೆ ಹೇಗೆ?

ಪುಸ್ತಕದ ಪುಟಗಳ ಫೋಟೊ ತೆಗೆದಿಟ್ಟರೆ ಸಾಕು ಎನ್ನುವ ಗೆಳೆಯರಿದ್ದಾರೆ. ನೂರಾರು ಫೋಟೊಗಳ ನಡುವೆ ಬೇಕಾದ ಒಂದು ಸಾಲು ಹುಡುಕುವುದು ಸುಲಭವಲ್ಲ. ಮುದ್ರಿತ ಕನ್ನಡವನ್ನು ಫೋಟೊದಿಂದ ಪಠ್ಯವಾಗಿಸಲು ಗೂಗಲ್ ಲೆನ್ಸ್ ಇದೆ. ಬೆರಳಚ್ಚು ಬಾರದವರಿಗೆ ಮೊಬೈಲ್ ಕೀಲಿಮಣೆಯಲ್ಲೇ ಕನ್ನಡದ ಧ್ವನಿ ಟೈಪಿಂಗ್ ಇದೆ. ಆ ದಿನದ ಪಾಠವನ್ನು ನಮ್ಮ ಮಾತಿನಲ್ಲೇ ಹೇಳಿ ಬರೆಸಿ, ತಪ್ಪು ತಿದ್ದಿದರೆ ಪುನರಾವರ್ತನೆಯೂ ಆಗುತ್ತದೆ. ಆದರೆ ತಂತ್ರಾಂಶ ನೋಟ್ಸನ್ನು ಹುಡುಕಿ ಕೊಡಬಲ್ಲದು, ಓದಬೇಕಾದವರು ನಾವೇ.

ಉಪನ್ಯಾಸಕರು ಹಂಚುವ ಕನ್ನಡ ನೋಟ್ಸ್ ಕೂಡ ಯೂನಿಕೋಡ್‌ನಲ್ಲೇ ಇರಲಿ ಎಂಬುದು ನನ್ನ ವಿನಂತಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಗೆಳೆಯರಿಗೆ ಒಂದು ಮಾತು: ಟೈಪಿಂಗ್‌ಗೆ ಹಣ ಕೊಡುವ ಮುನ್ನ ಒಂದು ಪುಟ ನಿಮ್ಮ ಮೊಬೈಲ್‌ಗೆ ಕಳಿಸಿಕೊಳ್ಳಿ. ಅದರಲ್ಲಿ ಒಂದು ಕನ್ನಡ ಪದ ಹುಡುಕಿ ನೋಡಿ. ಸಿಕ್ಕರೆ ಮಾತ್ರ ಉಳಿದದ್ದನ್ನು ಮಾಡಿಸಿ.